ನಮ್ಮ ಕ್ಲಬ್ ಹುಟ್ಟಿದ್ದು 1986ರಲ್ಲೋ 1988ರಲ್ಲೋ? (ಲಂಡನ್, ಐರಿಶ್ ಹೆಂಗಸರ ಫುಟ್‌ಬಾಲ್)

ತಿಪಟೂರು_ಥ್ರೋಬಾಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ನಾನು ಲಂಡನ್ನಿನಲ್ಲಿ ನರ್ಸ್. ಬಂದು ನಾಲ್ಕು ವರ್ಷ ಆಯ್ತು. ಹೋದ ವರ್ಷ ಫೆಬ್ರವರಿಯಲ್ಲಿ ವಾರ್ಡಿನ ಐರಿಶ್ ಹುಡುಗಿಯೊಬ್ಬಳು "ಮಂಗಳವಾರ ಸಂಜೆ ಏನ್ ಮಾಡ್ತೀಯ?" ಅಂದಳು. ನಿದ್ದೆ ಮಾಡ್ತೀನಿ ಅಂದೆ. ಬಿಡಲಿಲ್ಲ, ವರ್ಮ್‌ವುಡ್ ಸ್ಕ್ರಬ್ಸ್ ಅನ್ನೋ ದೊಡ್ಡ ಬಯಲಿಗೆ ಎಳ್ಕೊಂಡು ಹೋದಳು. ಪಕ್ಕದಲ್ಲೇ ಜೈಲು. ಕಿವಿ ಇದೆಯೋ ಉದುರಿ ಹೋಯ್ತೋ ಅಂತ ಮುಟ್ಟಿ ನೋಡ್ಕೊಳ್ಳೋ ಚಳಿ. ಅಲ್ಲಿ ಇಪ್ಪತ್ತು ಹುಡುಗಿಯರು ಚೆಂಡನ್ನ ಕಾಲಲ್ಲೂ ಒದೀತಾ ಕೈಯಲ್ಲೂ ಹಿಡೀತಾ ಒಂದು ಆಟ ಆಡ್ತಿದ್ರು. ಅದೇ ಗೇಲಿಕ್ ಫುಟ್‌ಬಾಲ್. ಗೋಲ್‌ಪೋಸ್ಟು ಇಂಗ್ಲಿಷಿನ ಎಚ್ ಅಕ್ಷರದ ಥರ. ಅಡ್ಡಪಟ್ಟಿಯ ಮೇಲಿಂದ ಹೋದ್ರೆ ಒಂದು ಪಾಯಿಂಟು, ಕೆಳಗೆ ಬಲೆಗೆ ಬಿದ್ರೆ ಗೋಲು, ಅದಕ್ಕೆ ಮೂರು.

ನಾನು ಹೈಸ್ಕೂಲಲ್ಲಿ ಥ್ರೋಬಾಲ್ ಆಡಿ ಜಿಲ್ಲಾ ಮಟ್ಟದ ತನಕ ಹೋದವಳು. ಮೇಲಿಂದ ಬರೋ ಚೆಂಡನ್ನ ಎರಡೂ ಕೈಯಲ್ಲಿ ಗಬಕ್ಕನೆ ಹಿಡಿಯೋದು ಮೈಗೆ ಹತ್ತಿದ ವಿದ್ಯೆ. ಮೊದಲ ದಿನವೇ, ನನಗಿಂತ ಗೇಣುದ್ದ ಎತ್ತರ ಇದ್ದವಳ ತಲೆ ಮೇಲಿಂದ ಒಂದು ಹಿಡಿದೆ. ಎಲ್ಲರೂ ಹೋ ಅಂತ ಕೂಗಿದ್ರು. ಆ ಖುಷಿಗೆ ಚೆಂಡು ಎದೆಗೆ ಅವಚ್ಕೊಂಡು ಓಡಿದ್ದೇ ಓಡಿದ್ದು. ಸೀಟಿ! ನಾಲ್ಕು ಹೆಜ್ಜೆಗಿಂತ ಹೆಚ್ಚು ಹಾಗೇ ಓಡೋ ಹಾಗಿಲ್ಲವಂತೆ. ಅಷ್ಟರಲ್ಲಿ ನೆಲಕ್ಕೆ ಒಂದು ಸಲ ಪುಟಿಸ್ಬೇಕು, ಇಲ್ಲ ಕಾಲಿನ ತುದಿಗೆ ಬಿಟ್ಟು ಚಿಮ್ಮಿಸಿ ವಾಪಸ್ ಕೈಗೆ ತಂದ್ಕೋಬೇಕು. ಒಂದರ ಹಿಂದೆ ಒಂದು ಎರಡು ಸಲ ಪುಟಿಸೋ ಹಾಗೂ ಇಲ್ಲ. ಆ ಕಾಲ್ತುದಿ ವಿದ್ಯೆಗೆ ಸೋಲೋ ಅಂತಾರೆ. ನನಗೆ ಅದು ಒಲಿಯೋದಕ್ಕೆ ನಾಲ್ಕು ತಿಂಗಳು ಮತ್ತು ಮನೆ ಓನರಿನ ಎರಡು ಹೂಕುಂಡ ಬೇಕಾಯ್ತು.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಕ್ಲಬ್ಬಿಗೆ 40 ವರ್ಷ ಅಂತ ಒಂದು ಪುಸ್ತಿಕೆ ತರಬೇಕು ಅಂತ ಕಮಿಟಿ ತೀರ್ಮಾನ ಮಾಡಿದೆ. ಬರೆಯೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ! ನನಗಿರೋ ಅರ್ಹತೆ ಒಂದೇ: ನಾನು ಯಾವ ಕೌಂಟಿಗೂ (ಕೌಂಟಿ ಅಂದ್ರೆ ಐರ್ಲೆಂಡಿನ ಜಿಲ್ಲೆ) ಸೇರಿದವಳಲ್ಲ. ನಮ್ಮಲ್ಲಿ "ಯಾವೂರಾಯ್ತು?" ಅಂತ ಕೇಳೋ ಹಾಗೆ ಅವರಲ್ಲಿ ಕೌಂಟಿ ಕೇಳ್ತಾರೆ. ಕೇಳಿ ಸುಮ್ಮನಾಗೋದೂ ಇಲ್ಲ.

ಕ್ಲಬ್ ಕಟ್ಟಿದವರಲ್ಲಿ ಇಬ್ಬರು ಈಗಲೂ ಮ್ಯಾಚಿಗೆ ಬರ್ತಾರೆ. ಇಬ್ಬರಿಗೂ ಅರವತ್ತು ದಾಟಿದೆ. ಒಬ್ಬರು ಕೆರ್ರಿಯವರು, ಆಗ ಲಂಡನ್ನಿನ ಕ್ರಿಕಲ್‌ವುಡ್ಡಿನ ಒಂದು ಪಬ್ಬಿನಲ್ಲಿ ಕೆಲಸಕ್ಕಿದ್ರು. ಇನ್ನೊಬ್ಬರು ಮೇಯೋದವರು, ನರ್ಸಾಗಿ ರಿಟೈರಾದವರು. ಕೆರ್ರಿಯವರ ಪ್ರಕಾರ ಕ್ಲಬ್ ಹುಟ್ಟಿದ್ದು 1986ರ ಬೇಸಿಗೆಯಲ್ಲಿ, ಪಬ್ಬಿನ ಹಿಂದಿನ ಪಾರ್ಕಿನಲ್ಲಿ ಏಳು ಜನ ಹುಡುಗಿಯರು ಚೆಂಡು ಒದ್ದ ದಿನ. ಮೇಯೋದವರ ಪ್ರಕಾರ ಅದು ಕ್ಲಬ್ಬಲ್ಲ, ಟೈಂಪಾಸು. ಹೆಸರು ನೋಂದಾಯಿಸಿ, ಹಣ ಕಟ್ಟಿ, ರೆಫ್ರಿ ಇಟ್ಕೊಂಡು ಮೊದಲ ಮ್ಯಾಚ್ ಆಡಿದ್ದು 1988ರಲ್ಲಿ, ಕ್ಲಬ್ ಹುಟ್ಟಿದ್ದೂ ಆಗಲೇ. ಅಂದ್ರೆ 40 ಈ ವರ್ಷ ತುಂಬ್ತೋ, ಇನ್ನೂ ಎರಡು ವರ್ಷ ಕಾಯಬೇಕೋ ಅನ್ನೋದೇ ಜಗಳ. ಬ್ಯಾನರ್ ಪ್ರಿಂಟಿಗೆ ಹೋಗಬೇಕು.

ಒಂದೇ ಒಂದು ವಿಷಯದಲ್ಲಿ ಇಬ್ಬರ ಮಾತೂ ಒಂದೇ: ಮೊದಲ ಜರ್ಸಿ. ಸ್ವಂತ ಜರ್ಸಿ ಇರಲಿಲ್ಲ. ಗಂಡಸರ ಮ್ಯಾಚ್ ಮುಗಿಯೋ ತನಕ ಗೆರೆ ಪಕ್ಕ ಕಾದಿದ್ದು, ಅವರು ಬಿಚ್ಚಿ ಎಸೆದಿದ್ದನ್ನ ಹಾಕ್ಕೊಂಡು ಇವರು ಇಳೀಬೇಕಿತ್ತು. ಮೊಣಕಾಲ ತನಕ ಜೋತು ಬೀಳೋ ಉಣ್ಣೆಯಂಥ ಜರ್ಸಿ, ಮಳೆ ನೀರು, ಕೆಸರು, ಇನ್ನೊಬ್ಬರ ಬೆವರು. ಮೇಯೋದವರು ಈ ಕಥೆ ಹೇಳುವಾಗ ಇವತ್ತಿಗೂ ಮೂಗು ಮುಚ್ಕೊಳ್ತಾರೆ.

ಹಳೇ ಮಿನಿಟ್ಸ್ ಪುಸ್ತಕ ಇಲ್ಲ. ನೀವಾಗಿದ್ರೆ ಯಾವ ಇಸವಿ ಹಾಕ್ತಿದ್ರಿ? ಇಬ್ಬರಲ್ಲಿ ಒಬ್ಬರ ಜೊತೆನಾದ್ರೂ ಮಾತು ಬಿಡದ ಹಾಗೆ ಬರೆಯೋದು ಹೇಗೆ?

ಕಾರ್ಕ್_ಕಿಟ್ಟಪ್ಪ:

ಮೇಡಂ, ನನ್ನ ಓಟು 1986ಕ್ಕೆ. ಕಾರಣ ಇದೆ, ಕೇಳಿ.

ಕಾರ್ಕ್‌ಗೆ ಬಂದು ಹದಿನಾಲ್ಕು ವರ್ಷ. ಮಗಳು ಇಲ್ಲಿನ ಕ್ಲಬ್ಬಿನಲ್ಲಿ ಅಂಡರ್-12 ಆಡ್ತಾಳೆ. ಶನಿವಾರ ಬೆಳಿಗ್ಗೆ ನಾನು ಕೊಡೆ ಹಿಡಿದು ನಿಲ್ಲೋ ಅಪ್ಪಂದಿರಲ್ಲಿ ಒಬ್ಬ. ಹೀಗೆ ನಿಂತೂ ನಿಂತೂ ಇತಿಹಾಸ ತಲೆಗೆ ಹತ್ತಿದೆ.

ಗಂಡಸರ ಸಂಘ, ಅಂದ್ರೆ ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್), ಶುರುವಾಗಿದ್ದು 1884ರ ನವೆಂಬರ್ 1ರಂದು, ಟಿಪ್ಪರೆರಿ ಕೌಂಟಿಯ ಥರ್ಲ್ಸ್ ಊರಿನ ಹೇಯ್ಸ್ ಹೋಟೆಲಿನಲ್ಲಿ. ಹೆಂಗಸರ ಫುಟ್‌ಬಾಲ್ ಸಂಘ ಶುರುವಾಗಿದ್ದು ಅದೇ ಹೋಟೆಲಿನಲ್ಲೇ, ಆದ್ರೆ 1974ರ ಜುಲೈ 18ಕ್ಕೆ. ತೊಂಬತ್ತು ವರ್ಷ ಬೇಕಾಯ್ತು ನೋಡಿ! ಆವತ್ತಿನ ಸಭೆಗೆ ಬಂದಿದ್ದು ನಾಲ್ಕೇ ಕೌಂಟಿ: ಆಫಲಿ, ಕೆರ್ರಿ, ಟಿಪ್ಪರೆರಿ, ಗಾಲ್ವೇ. ಅದೇ ವರ್ಷ ಆಲ್ ಐರ್ಲೆಂಡ್ ಫೈನಲ್ಲೂ ಆಡಿಬಿಟ್ರು, ಲೀಶ್ ಕೌಂಟಿಯ ಡರೋ ಅನ್ನೋ ಊರಿನಲ್ಲಿ. ಟಿಪ್ಪರೆರಿ ಆಫಲಿಯನ್ನ ಸೋಲಿಸ್ತು. ಜಿಎಎ ಈ ಸಂಘಕ್ಕೆ ಮಾನ್ಯತೆ ಕೊಟ್ಟಿದ್ದು ಮಾತ್ರ 1982ರಲ್ಲಿ. ಹಾಗಂತ ಅವರು 1982 ಅಂತ ಹುಟ್ಟಿದ ದಿನ ಬರೀತಾರಾ? 1974 ಅಂತಲೇ ಬರೀತಾರೆ. ಕಾಗದ ಬಂದ ದಿನ ಹುಟ್ಟಿದ್ದು ಅನ್ನೋದಾದ್ರೆ ನಮ್ಮಪ್ಪ ಹುಟ್ಟಿದ್ದು ಒಂದನೇ ಕ್ಲಾಸಿಗೆ ಸೇರಿಸಿದ ಜೂನ್ 1ರಂದು. ಇದನ್ನೇ ನಿಮ್ಮ ಮೇಯೋ ಮೇಡಂಗೆ ಹೇಳಿ.

ಪುಸ್ತಿಕೆಯನ್ನ ಹೋಟೆಲಿನಿಂದ ಮಾತ್ರ ಶುರು ಮಾಡಬೇಡಿ, ಎಲ್ಲರೂ ಅದನ್ನೇ ಮಾಡ್ತಾರೆ. ಆ ಏಳು ಹುಡುಗಿಯರು ಕ್ರಿಕಲ್‌ವುಡ್ಡಿಗೆ ಯಾಕೆ ಬಂದ್ರು ಅಲ್ಲಿಂದ ಶುರು ಮಾಡಿ. ಎಂಬತ್ತರ ದಶಕದ ನಡುವೆ ಐರ್ಲೆಂಡಿನಲ್ಲಿ ನಿರುದ್ಯೋಗ ಶೇಕಡಾ 17ರ ಹತ್ತಿರ ಇತ್ತು. 1989ಕ್ಕೆ ಬರೋ ಹೊತ್ತಿಗೆ ಒಂದೇ ವರ್ಷದಲ್ಲಿ 70,000ಕ್ಕೂ ಹೆಚ್ಚು ಜನ ದೇಶ ಬಿಟ್ರು, ಮೂವತ್ತೈದು ಲಕ್ಷ ಜನ ಇದ್ದ ದೇಶದಿಂದ. ನನ್ನ ಟೀಮ್ ಲೀಡ್ ಹೇಳ್ತಾನೆ: ಅವನ ಊರಿನ ತಂಡದಲ್ಲಿ ಆ ವರ್ಷಗಳಲ್ಲಿ ಹದಿನೈದು ಜನ ಸೇರಿಸೋದೇ ಕಷ್ಟ ಆಗಿತ್ತಂತೆ. ಇಲ್ಲಿ ಖಾಲಿಯಾದ ತಂಡವೇ ಅಲ್ಲಿ ನಿಮ್ಮ ಕ್ಲಬ್ಬಾಗಿ ತುಂಬಿದ್ದು. ತೊಂಬತ್ತರ ದಶಕದ ಕೊನೆಗೆ ಇಲ್ಲಿ ಕೆಲಸ ಸಿಗೋಕೆ ಶುರುವಾದಾಗ ಉಲ್ಟಾ. ಆ ವರ್ಷಗಳ ನಿಮ್ಮ ಟೀಮ್ ಫೋಟೋದಲ್ಲಿ ತಲೆ ಎಣಿಸಿ, ಕಮ್ಮಿ ಇರುತ್ತೆ ಅಂತ ಪಂದ್ಯ ಕಟ್ತೀನಿ. 2008ರ ಆರ್ಥಿಕ ಕುಸಿತ ಆದ ಮೇಲೆ ಮತ್ತೆ ತುಂಬಿರುತ್ತೆ.

ಇನ್ನೊಂದು, ಲಂಡನ್ನಿನವರು ಹೆಮ್ಮೆ ಪಡೋ ವಿಷಯ. ಗಂಡಸರ ಫುಟ್‌ಬಾಲಿನ ಸ್ಯಾಮ್ ಮಗ್ವೈರ್ ಕಪ್, ಹರ್ಲಿಂಗ್ ಅನ್ನೋ ಇನ್ನೊಂದು ಐರಿಶ್ ಆಟದ ಲಿಯಮ್ ಮೆಕಾರ್ಥಿ ಕಪ್, ಎರಡೂ ಲಂಡನ್ನಿನಲ್ಲಿ ಸಂಘ ಕಟ್ಟಿದವರ ಹೆಸರು. ಮಗ್ವೈರ್ ನಮ್ಮ ಕಾರ್ಕ್‌ನ ಡನ್‌ಮ್ಯಾನ್‌ವೇ ಕಡೆಯವನು, ಲಂಡನ್ ಪೋಸ್ಟ್ ಆಫೀಸಿನಲ್ಲಿ ಕೆಲಸಕ್ಕಿದ್ದ. ಮೆಕಾರ್ಥಿ ಹುಟ್ಟಿದ್ದೇ ಲಂಡನ್ನಿನಲ್ಲಿ. ಊರಿನಾಚೆ ಇದ್ದವರ ಹೆಸರಿನ ಕಪ್ಪಿಗೆ ಊರಲ್ಲಿದ್ದವರು ಹೊಡೆದಾಡ್ತಾರೆ.

ಕೆರ್ರಿ ಮೇಡಂ ಜಂಬ ಪಟ್ರೆ ಅದು ನಿಜವಾದ ಜಂಬವೇ: 1982ರಿಂದ 1990ರ ತನಕ ಸತತ ಒಂಬತ್ತು ವರ್ಷ ಕೆರ್ರಿ ಹೆಂಗಸರೇ ಚಾಂಪಿಯನ್. ಮೇಯೋ ಹೆಂಗಸರ ಕಾಲ ಬಂದಿದ್ದು ಆಮೇಲೆ, 1999, 2000, 2002, 2003. ಮೇಯೋ ಗಂಡಸರ ಮಾತು ಎತ್ತಬೇಡಿ, 1951ರಿಂದ ಕಾಯ್ತಾ ಇದ್ದಾರೆ. ನಮ್ಮ ಕಾರ್ಕ್ 2005ರಿಂದ 2016ರೊಳಗೆ ಹನ್ನೆರಡರಲ್ಲಿ ಹನ್ನೊಂದು ಗೆದ್ದಿದೆ, ಸುಮ್ನೆ ಹೇಳ್ದೆ. 2014ರ ಫೈನಲ್ಲಿನಲ್ಲಿ ಡಬ್ಲಿನ್ ಹತ್ತು ಪಾಯಿಂಟ್ ಮುಂದೆ ಇತ್ತು. ಕಾಲು ಗಂಟೆ ಉಳಿದಿತ್ತೇನೋ. ಕಥೆ ಮುಗೀತು ಅಂತ ನಾನು ಊಟ ಕಟ್ಟಿಸ್ಕೊಂಡು ಬರೋಕೆ ಎದ್ದು ಹೋದೆ. ವಾಪಸ್ ಬರೋದ್ರೊಳಗೆ ಕಾರ್ಕ್ ಒಂದು ಪಾಯಿಂಟಿನಲ್ಲಿ ಗೆದ್ದಿತ್ತು. ಹೆಂಡತಿ ಇವತ್ತಿಗೂ ಆಡ್ಕೊಳ್ತಾಳೆ.

ಧಾರವಾಡ_ಫೇಡೆ:

ಅಕ್ಕಾರ, ಇದು ಬಡಿಗಿ ಹಿಡದು ಆಡತಾರಲ್ಲ, ಅದೇನ್ರಿ? ಮತ್ತ ಇಷ್ಟ ವರ್ಷ ಆಡಿದ್ರ ರೊಕ್ಕ ಏನರ ಸಿಗತೈತೋ ಇಲ್ಲೋ?

ತಿಪಟೂರು_ಥ್ರೋಬಾಲ್:

ಇಲ್ಲ ಅಣ್ಣ, ಬಡಿಗೆಯದು ಹರ್ಲಿಂಗ್, ಹೆಂಗಸರು ಆಡಿದ್ರೆ ಅದಕ್ಕೆ ಕಮೋಗಿ ಅಂತಾರೆ. ಅದರ ಸಂಘ 1904ರದ್ದು, ನಮ್ಮದಕ್ಕಿಂತ ಎಪ್ಪತ್ತು ವರ್ಷ ಹಳೇದು.

ದುಡ್ಡಾ? ನಾವೇ ಕೊಡ್ತೀವಿ. ಮೆಂಬರ್‌ಶಿಪ್, ಇನ್ಶೂರೆನ್ಸು, ರೈಲ್ ಚಾರ್ಜು ಎಲ್ಲ ಕೈಯಿಂದಲೇ. ಐರ್ಲೆಂಡಿನಲ್ಲೂ ಅಷ್ಟೇ. 2019ರ ಹೆಂಗಸರ ಫೈನಲ್ಲಿಗೆ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಸ್ಟೇಡಿಯಮ್ಮಿನಲ್ಲಿ 56,114 ಜನ ಸೇರಿದ್ರು. ಆವತ್ತು ಆಡಿದವರಿಗೂ ಸಂಬಳ ಇಲ್ಲ, ಸೋಮವಾರ ಕೆಲಸಕ್ಕೆ ಹೋಗಬೇಕು. ಅದಕ್ಕೇ ಈಗ ಚೆನ್ನಾಗಿ ಆಡೋರು ಆಸ್ಟ್ರೇಲಿಯಾದ ಹೆಂಗಸರ ಲೀಗಿಗೆ ಹೋಗ್ತಿದ್ದಾರೆ, ಅಲ್ಲಿ ಸಂಬಳ ಉಂಟು. ಮೇಯೋದ ಕೋರಾ ಸ್ಟಾಂಟನ್ 2018ರಲ್ಲಿ ಸಿಡ್ನಿ ಕಡೆಯ ತಂಡಕ್ಕೆ ಆಡಿದ್ಲು, ಆಮೇಲೆ ಸಾಲುಗಟ್ಟಿ ಹೋಗ್ತಿದ್ದಾರೆ. ಮೊದಲು ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು ಆಟ ಆಡ್ತಿದ್ರು, ಈಗ ಆಟವೇ ಊರು ಬಿಡಿಸ್ತಿದೆ.

ಕಿಟ್ಟಪ್ಪ ಸರ್, ಫೋಟೋ ಎಣಿಸಿದೆ. 1999ರ ಫೋಟೋದಲ್ಲಿ ಹನ್ನೆರಡು ಜನ, ಅದರಲ್ಲಿ ಒಬ್ಬಳ ಕೈಗೆ ಪ್ಲಾಸ್ಟರ್. ಪಂದ್ಯ ನೀವೇ ಗೆದ್ರಿ.

ಬಾಸ್ಟನ್_ಸುಬ್ಬಕ್ಕ:

ಮಗು, ನಿನ್ನ ಪ್ರಶ್ನೆ ಓದಿ ನಗುನೂ ಬಂತು, ನಮ್ಮ ಕನ್ನಡ ಕೂಟದ ನೆನಪೂ ಬಂತು. ನಾನು ಇಲ್ಲಿಗೆ ಬಂದಿದ್ದು 1987ರಲ್ಲಿ. ಪಕ್ಕದ ಮನೆಯಲ್ಲಿ ನಾಲ್ಕು ಜನ ಐರಿಶ್ ಹುಡುಗಿಯರು ಬಾಡಿಗೆಗೆ ಇದ್ದರು. ಮಕ್ಕಳನ್ನು ನೋಡಿಕೊಳ್ಳೋದು, ಮುದುಕರ ಸೇವೆ, ಹೋಟೆಲಿನಲ್ಲಿ ಬಡಿಸೋದು, ಇದೇ ಕೆಲಸ. ಭಾನುವಾರ ಬಂತೆಂದರೆ ಚೀಲ ಹೆಗಲಿಗೆ ಹಾಕಿಕೊಂಡು ಆಟಕ್ಕೆ ಹೊರಡೋರು. ಸಂಜೆ ಮೊಣಕಾಲು ತರಚಿಕೊಂಡು, ಮುಖ ಅರಳಿಸಿಕೊಂಡು ಬರೋರು. ನಾನು ಅರಿಶಿನ ಹಚ್ಚೋಕೆ ಹೋದರೆ ಹೆದರಿ ಓಡುತ್ತಿದ್ದರು.

ಲಂಡನ್ನಿಗೂ ಇಲ್ಲಿಗೂ ಒಂದು ವ್ಯತ್ಯಾಸ ಇದೆ. ಅಲ್ಲಿಗೆ ಬರೋಕೆ ಐರಿಶ್ ಜನಕ್ಕೆ ವೀಸಾ ಬೇಕಿರಲಿಲ್ಲ. ಇಲ್ಲಿ ಆ ಹುಡುಗಿಯರಲ್ಲಿ ಮೂವರಿಗೆ ಕಾಗದ ಇರಲಿಲ್ಲ. ಊರಿಗೆ ಹೋದರೆ ವಾಪಸ್ ಬರೋ ಹಾಗಿಲ್ಲ. ಒಬ್ಬಳ ಅಪ್ಪ ತೀರಿಕೊಂಡಾಗ ಅವಳು ಹೋಗಲಿಲ್ಲ. ಆ ಭಾನುವಾರ ಆಟ ಶುರುವಾಗೋ ಮೊದಲು ಎರಡೂ ತಂಡ ಒಂದು ನಿಮಿಷ ತಲೆ ತಗ್ಗಿಸಿ ನಿಂತರಂತೆ, ಅವಳಿಗೆ ಅದೇ ಮಣ್ಣು ಕೊಟ್ಟ ಹಾಗೆ. ಆಮೇಲೆ ಇಲ್ಲೇ ಕಾನೂನು ಪ್ರಕಾರ ನೆಲೆಸೋಕೆ ಬಿಡೋ ಡಾನೆಲಿ ವೀಸಾ ಬಂತು, 1990ರ ಕಾನೂನಿನಲ್ಲಿ ಮಾರಿಸನ್ ವೀಸಾ ಬಂತು. ಮಾರಿಸನ್ ವೀಸಾ ವರ್ಷಕ್ಕೆ 40,000, ಅದರಲ್ಲಿ ಶೇಕಡಾ 40 ಐರ್ಲೆಂಡಿಗೇ ಮೀಸಲು, ಮೂರು ವರ್ಷ. ನಮ್ಮ ಪಕ್ಕದ ಮನೆಯಲ್ಲಿ ಇಬ್ಬರಿಗೆ ಸಿಕ್ಕಿತು. ಆವತ್ತು ರಾತ್ರಿ ಅವರು ಹಾಡಿದ್ದಕ್ಕೆ ನಮ್ಮ ಯಜಮಾನರು ಗೊಣಗಿಕೊಂಡು, ಕೊನೆಗೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕೊಟ್ಟು ಬಂದರು. ಈಗ ಆಟಗಳೆಲ್ಲ ಬಾಸ್ಟನ್ ಹತ್ತಿರದ ಕ್ಯಾಂಟನ್ನಿನ ಐರಿಶ್ ಸೆಂಟರ್ ಮೈದಾನದಲ್ಲಿ. ಅವರಲ್ಲಿ ಒಬ್ಬಳ ಮಗಳು ಅಲ್ಲೇ ಆಡುತ್ತಾಳೆ.

ನಿನ್ನ ಪುಸ್ತಿಕೆಗೆ ನನ್ನ ಅನುಭವದ ಮಾತು ಒಂದೇ. ನಮ್ಮ ಕೂಟದ ಇಪ್ಪತ್ತೈದನೇ ವರ್ಷಕ್ಕೆ ಸ್ಮರಣ ಸಂಚಿಕೆ ತಂದೆವು. ಅಧ್ಯಕ್ಷರುಗಳ ಫೋಟೋ ಸಾಲಾಗಿ ಬಂತು, ಸೂಟು ಟೈ ಸಮೇತ. ಪ್ರತಿ ಯುಗಾದಿಗೆ ಮುನ್ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡುತ್ತಿದ್ದ ನಮ್ಮ ನಾಲ್ವರ ಹೆಸರು ಒಂದು ಗೆರೆಯೂ ಇಲ್ಲ. ಸಂಪಾದಕಿ ಯಾರು ಗೊತ್ತಾ? ನಾನೇ! ಅಚ್ಚಾಗಿ ಬಂದ ಮೇಲೆ ಹೊಳೆಯಿತು. ಅದಕ್ಕೇ ಹೇಳೋದು, ಇಸವಿ ಯಾವುದು ಅಂತ ಕೇಳಬೇಡ. ಬೆವರಿನ ಜರ್ಸಿ ಒಗೆಯುತ್ತಿದ್ದವರು ಯಾರು, ಕಾರು ಯಾರ ಹತ್ತಿರ ಇತ್ತು, ಚೆಂಡು ಯಾರ ಮನೆಯಲ್ಲಿ ಇರುತ್ತಿತ್ತು, ಅದನ್ನ ಕೇಳು. ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡ. ಒಬ್ಬೊಬ್ಬರ ಮನೆಗೂ ಹೋಗು, ಅಟ್ಟದ ಮೇಲಿನ ಡಬ್ಬಿ ಇಳಿಸಿಸು.

ಕಾರ್ಕ್_ಕಿಟ್ಟಪ್ಪ:

ಸುಬ್ಬಕ್ಕ, ಕೊಬ್ಬರಿ ಮಿಠಾಯಿ ವಿಷಯ ಓದಿ ಇಲ್ಲಿ ಬಾಯಲ್ಲಿ ನೀರೂರ್ತಿದೆ.

ತಿಪಟೂರು_ಥ್ರೋಬಾಲ್ (ಮೂರು ವಾರದ ನಂತರ):

ಸುಬ್ಬಕ್ಕ ಹೇಳಿದ ಹಾಗೇ ಮಾಡಿದೆ, ಅರ್ಧ. ಒಬ್ಬೊಬ್ಬರ ಮನೆಗೇ ಹೋಗೋಣ ಅಂತ ಮೇಯೋದವರಿಗೆ ಫೋನ್ ಮಾಡಿದ್ರೆ, ಕೆರ್ರಿಯವರು ಆಗಲೇ ಅಲ್ಲಿ ಬಂದು ಕೂತಿದ್ರು. ಎಷ್ಟೇ ಜಗಳ ಆದ್ರೂ ಗುರುವಾರ ಗುರುವಾರ ಚಹಾಕ್ಕೆ ಸೇರ್ತಾರಂತೆ. ನನಗೆ ಯಾರೂ ಹೇಳಿರಲಿಲ್ಲ.

ಅಟ್ಟದಿಂದ ಬಿಸ್ಕತ್ತಿನ ತಗಡಿನ ಡಬ್ಬಿ ಇಳಿಸಿದ್ವಿ. ಹಳೇ ಬಸ್ ಟಿಕೆಟ್ಟು, ಸತ್ತವರ ನೆನಪಿನ ಕಾರ್ಡುಗಳು, ಒಂದು ಸೀಟಿ. ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಒಂದು ಕಡೆ ಆಸ್ಪತ್ರೆಯ ಡ್ಯೂಟಿ ರೋಸ್ಟರ್, ಟೈಪ್ ಮಾಡಿದ್ದು, ಮಾರ್ಚ್ 1987. ಹಿಂಬದಿ ಪೆನ್ನಿನಲ್ಲಿ ಹನ್ನೊಂದು ಹೆಸರು. ನಾಲ್ಕು ಹೆಸರಿನ ಮುಂದೆ ನೈಟ್ ಡ್ಯೂಟಿ ಅನ್ನೋದಕ್ಕೆ ಒಂದೊಂದು ಅಕ್ಷರ, ನಾವು ಇವತ್ತೂ ಹಾಕೋ ಅದೇ ಅಕ್ಷರ. ಎರಡು ಹೆಸರು ಹೊಡೆದು ಹಾಕಿದ್ದಾರೆ. ಒಂದರ ಮುಂದೆ 'ಕಾರು ಇದೆ' ಅಂತ ಬರೆದು ಕೆಳಗೆ ಎರಡು ಗೆರೆ. ಆ ಕಾರಿನವಳು ಎಲ್ಲಿದ್ದಾಳೆ ಅಂತ ಇಬ್ಬರಿಗೂ ಗೊತ್ತಿಲ್ಲ. ಚೆನ್ನಾಗಿ ಆಡ್ತಿದ್ದಳಾ ಅಂದ್ರೆ, "ಇಲ್ಲ, ಆದ್ರೆ ಒಂದು ಮ್ಯಾಚೂ ಅವಳನ್ನ ಬಿಟ್ಟು ಆಡಿಲ್ಲ" ಅಂದ್ರು ಮೇಯೋದವರು.

ಅಂತೂ 1987. ಇಬ್ಬರದ್ದೂ ಅಲ್ಲದ ಇಸವಿ! ನಾನು ಖುಷಿಯಲ್ಲಿ ಇಬ್ಬರ ಮುಖ ನೋಡಿದೆ. ಮೇಯೋದವರು "ಪಟ್ಟಿ ಬರೆದ್ರೆ ಕ್ಲಬ್ ಆಗಲ್ಲ" ಅಂದ್ರು. ಕೆರ್ರಿಯವರು "ಇದು ಎರಡನೇ ವರ್ಷದ ಪಟ್ಟಿ, ಮೊದಲ ವರ್ಷ ಏಳೇ ಜನ ಇದ್ವಲ್ಲ, ಬರೆಯೋದೇನಿತ್ತು" ಅಂದ್ರು. ಅಂದ್ಮೇಲೆ ಕನ್ನಡಕ ಹಾಕ್ಕೊಂಡು ಹಾಳೆ ಹತ್ತಿರ ಹಿಡ್ಕೊಂಡು, "ಅಯ್ಯೋ, ಇದು ನನ್ನ ಅಕ್ಷರ" ಅಂದ್ರು.

ಮೇಯೋದವರು ಕಪ್ಪು ಕೆಳಗಿಟ್ರು. "ಪಬ್ಬಿನವಳು ನೀನು, ನಮ್ಮ ರೋಸ್ಟರಿನ ಹಿಂದೆ ಹೇಗೆ ಬರೆದೆ?"

ಹುಡುಗಿಯರನ್ನ ತಂಡಕ್ಕೆ ಕರೆಯೋಕೆ ನರ್ಸುಗಳ ಹಾಸ್ಟೆಲಿಗೆ ಬಂದಿದ್ರಂತೆ. ಬರ್ಕೊಳ್ಳೋಕೆ ಕಾಗದ ಇರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಚುಚ್ಚಿತ್ತು.

"ಅದು ನೀನಾ?" ಅಂತ ಮೇಯೋದವರು ಎದ್ದೇ ನಿಂತ್ರು. ಆ ರೋಸ್ಟರ್ ಕಾಣೆಯಾಗಿದ್ದಕ್ಕೆ ಮೇಟ್ರನ್ ಇವರ ಮೇಲೇ ಗುಮಾನಿ ಪಟ್ಟು, ಒಂದು ತಿಂಗಳು ಪೂರ್ತಿ ನೈಟ್ ಡ್ಯೂಟಿ ಹಾಕಿದ್ದರಂತೆ. ಮೂವತ್ತೊಂಬತ್ತು ವರ್ಷದಿಂದ ಯಾರು ಹರಿದಿದ್ದು ಅಂತ ಗೊತ್ತಿರಲಿಲ್ಲ. ಹಾಳೆ ಅವರದೇ ಡಬ್ಬಿಗೆ ಹೇಗೆ ಬಂತು ಅಂತ ಕೇಳೋ ಧೈರ್ಯ ನನಗೆ ಆಗಲಿಲ್ಲ.

ಬ್ಯಾನರಿನವನಿಗೆ ಫೋನ್ ಮಾಡಿ ಇಸವಿ ಬೇಡ, ಕ್ಲಬ್ ಹೆಸರು ಸಾಕು ಅಂದೆ. ಪುಸ್ತಿಕೆಯ ಮೊದಲ ಪುಟಕ್ಕೆ ಆ ಹಾಳೆಯ ಎರಡೂ ಬದಿಯ ಫೋಟೋ ಹಾಕ್ತಿದ್ದೀನಿ, ಮನೆತನದ ಹೆಸರುಗಳನ್ನ ಮರೆಮಾಡಿ. ಮೇಯೋದವರು ನಾನು ಹೊರಡೋವಾಗ ಬಾಗಿಲ ತನಕ ಬಂದು, ಒಳಗೆ ಕೇಳಿಸೋ ಹಾಗೆ ಹೇಳಿದ್ರು: ಪುಸ್ತಿಕೆಯಲ್ಲಿ ಏನೇ ಬರಿ, ಆ ಒಂದು ತಿಂಗಳ ನೈಟ್ ಡ್ಯೂಟಿ ಮಾತ್ರ ಬಿಡಬೇಡ.